ಮರೆಯುವ ಅಯಸ್ಕಾಂತ

ಟ್ರಾನ್ಸಿಸ್ಟರ್ ರೇಡಿಯೋ ಇರುವ ಮನೆಗಳಲ್ಲಿ ಎಂದಾದರೊಮ್ಮೆ ಅದರ ಬೆನ್ನಿನ ಮುಚ್ಚಳವನ್ನು ಬಿಚ್ಚಿ ಒಳಗೆ ಇಣಿಕಿದವರು ಒಬ್ಬರಾದರೂ ಇರುತ್ತಾರೆ. ಹಾಗೆ ಇಣಿಕಿದವರಿಗೆ ಮೇಲ್ಗಡೆ ಅಡ್ಡಲಾಗಿ ಮಲಗಿಸಿದ ಒಂದು ಕಪ್ಪು ಕಡ್ಡಿಯೂ ಅದರ ಮೇಲೆ ಸುತ್ತಿದ ನವುರಾದ ತಾಮ್ರದ ತಂತಿಯೂ ಕಂಡಿರಬೇಕು. ನೋಡಲು ಕಬ್ಬಿಣದ ಸರಳಿನಂತಿದ್ದರೂ ಇದು ಕೈತಪ್ಪಿ ನೆಲಕ್ಕೆ ಬಿದ್ದರೆ ಗಾಜಿನ ಬಳೆಯಂತೆ ಪಟ್ಟನೆ ಮುರಿಯುತ್ತದೆ. ಏಕೆಂದರೆ ಇದು ಲೋಹವಲ್ಲ, ಲೋಹವು ಆಮ್ಲಜನಕದೊಡನೆ ಕೂಡಿ ಆದ ಆಕ್ಸೈಡು. ಒರಟಾಗಿ ಹೇಳುವುದಾದರೆ ಒಂದು ಬಗೆಯ ತುಕ್ಕು. ಇದಕ್ಕೆ ಫೆರೈಟ್ ಎಂದು ಹೆಸರು. ದೂರದ ಬಾನುಲಿ ಕೇಂದ್ರದಿಂದ ಹೊರಟು ಬರುವ ಅಲೆಗಳ ಕಾಂತಾಂಶವನ್ನು ಹಿಡಿದು ತಂತಿಗೆ ಒಪ್ಪಿಸುವುದು ಇದರ ಕೆಲಸ. ಪೆಟ್ಟಿಗೆಯನ್ನು ಮೇಜಿನ ಮೇಲೆ ಅತ್ತಿತ್ತ ತಿರುಗಿಸಿದಾಗ ಧ್ವನಿ ಒಮ್ಮೆ ಏರಿ ಒಮ್ಮೆ ಇಳಿಯುವುದು ಈ ಕಡ್ಡಿ ಕೇಂದ್ರದ ದಿಕ್ಕಿಗೆ ಹೇಗೆ ಮಲಗಿದೆ ಎಂಬುದರಿಂದ.

ತುಕ್ಕಿಗೂ ಅಯಸ್ಕಾಂತಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಬಾಗಿಲ ಚಿಲಕದಿಂದ ಉದುರುವ ಕೆಂಪು ತುಕ್ಕನ್ನು ಅಯಸ್ಕಾಂತ ಸೆಳೆಯುವುದಿಲ್ಲವಲ್ಲ? ನಿಜ. ಆದರೆ ಕಬ್ಬಿಣಕ್ಕೂ ಆಮ್ಲಜನಕಕ್ಕೂ ಆಗುವ ಕೂಡಿಕೆ ಒಂದೇ ಬಗೆಯದಲ್ಲ. ಮೂರು ಪಾಲು ಕಬ್ಬಿಣಕ್ಕೆ ನಾಲ್ಕು ಪಾಲು ಆಮ್ಲಜನಕ ಸೇರಿದಾಗ ಬರುವುದು ಕಪ್ಪು ಬಣ್ಣದ ಮ್ಯಾಗ್ನೆಟೈಟ್. ಹಿಂದಿನವರು ಸೂಜಿಗಲ್ಲು ಎಂದು ಕರೆದದ್ದು ಇದನ್ನೇ. ಹೊಳೆಯ ಮರಳಿನಲ್ಲಿ ಮಕ್ಕಳು ಅಯಸ್ಕಾಂತವನ್ನು ಎಳೆದಾಡಿದಾಗ ಅದಕ್ಕೆ ಮೀಸೆಯಂತೆ ಅಂಟಿಕೊಂಡು ಬರುವ ಕಪ್ಪು ಪುಡಿಯಲ್ಲಿ ಬಹುಪಾಲು ಇದೇ. ನಮ್ಮ ಕುದುರೆಮುಖದ ಅದಿರೂ ಮ್ಯಾಗ್ನೆಟೈಟೇ. ಅಲ್ಲಿ ಗಣಿಗಾರಿಕೆ ೨೦೦೫ರ ಕೊನೆಗೆ ನಿಂತಿತು. ಅದು ನಡೆಯುತ್ತಿದ್ದ ಕಾಲದಲ್ಲಿ ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣದ ಪಾಲನ್ನು ಅಯಸ್ಕಾಂತಗಳಿಂದ ಬೇರ್ಪಡಿಸಿ, ನೀರಿನಲ್ಲಿ ಕಲೆಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ನೀರು, ಕಪ್ಪು ಪುಡಿ, ಅಯಸ್ಕಾಂತ: ಈ ಮೂರನ್ನೂ ನೆನಪಿನಲ್ಲಿಟ್ಟುಕೊಳ್ಳಿ. ಇವೇ ಇನ್ನೊಂದು ರೂಪದಲ್ಲಿ ಮುಂದೆ ಬರುತ್ತವೆ.

ಬಾನುಲಿಗೆ ಸಂಬಂಧಿಸಿದ ಇನ್ನೊಂದು ಆಕ್ಸೈಡೂ ಉಂಟು. ಬಾನುಲಿ ಕೇಂದ್ರಗಳು ಬಹುಕಾಲ ಸಂಗೀತವನ್ನೂ ಭಾಷಣವನ್ನೂ ಕಂದು ಬಣ್ಣದ ಟೇಪಿನ ಸುರುಳಿಗಳಲ್ಲಿ ಮುದ್ರಿಸಿ ಇಡುತ್ತಿದ್ದವು. ಆ ಕಂದು ಬಣ್ಣ ಕಬ್ಬಿಣದ ಆಕ್ಸೈಡಿನದು. ಟೇಪಿನ ಮೇಲೆ ಲೇಪಿಸಿದ ಸೂಜಿಯಾಕಾರದ ಕಣಗಳು ಒಂದೊಂದೂ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಗಿಡ್ಡ. ಹಾಡುಗಾರನ ದನಿಯ ಏರಿಳಿತಕ್ಕೆ ತಕ್ಕಂತೆ ಇವು ಒಮ್ಮೆ ಅಯಸ್ಕಾಂತವಾದರೆ ಹತ್ತಾರು ವರ್ಷ ಹಾಗೆಯೇ ಉಳಿಯುತ್ತವೆ. ಕಣ್ಮರೆಯಾದ ವಿದ್ವಾಂಸರ ಕಂಠವನ್ನು ನಾವು ಇಂದಿಗೂ ಕೇಳುವುದು ಈ ಪುಡಿಯ ಜ್ಞಾಪಕಶಕ್ತಿಯಿಂದಲೇ. ರೇಡಿಯೋವಿನ ಫೆರೈಟ್ ಕಡ್ಡಿಯ ಗುಣ ಇದಕ್ಕೆ ತೀರ ವಿರುದ್ಧ. ಅದು ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಕಾಂತತ್ವವನ್ನು ಪಡೆದು, ಬಿಟ್ಟು, ಮತ್ತೆ ಪಡೆಯಬೇಕು. ಏನನ್ನೂ ನೆನಪಿಟ್ಟುಕೊಳ್ಳಬಾರದು. ಹೀಗೆ ಅಯಸ್ಕಾಂತಗಳಲ್ಲಿ ನೆನಪಿನವು, ಮರೆವಿನವು ಎಂದು ಎರಡು ಜಾತಿ. ಈ ಹೊತ್ತು ನಾನು ಹೇಳಹೊರಟಿರುವುದು ಮೂರನೆಯ ಒಂದು ಬಗೆಯನ್ನು. ಇದೂ ಮರೆವಿನದೇ. ಆದರೆ ಅದರ ಮರೆವಿಗೆ ಕಾರಣ ಬೇರೆ. ಆ ಮರೆವಿನಿಂದ ಕುಡಿಯುವ ನೀರಿನೊಳಗಿನ ವಿಷವನ್ನು ತೆಗೆಯಬಹುದು ಎಂಬುದೇ ವಿಶೇಷ.

ಮೊದಲು ಮ್ಯಾಗ್ನೆಟೈಟಿನ ಒಳಗೆ ಏನು ನಡೆದಿದೆ ನೋಡೋಣ. ಕಬ್ಬಿಣದ ಪ್ರತಿಯೊಂದು ಪರಮಾಣುವನ್ನೂ ಒಂದು ಪುಟ್ಟ ಅಯಸ್ಕಾಂತವೆಂದೇ ಭಾವಿಸಿರಿ. ಮ್ಯಾಗ್ನೆಟೈಟಿನಲ್ಲಿ ಮೂರು ಮೂರು ಕಬ್ಬಿಣದ ಪರಮಾಣುಗಳ ಒಂದೊಂದು ಕೂಟ. ಅವುಗಳಲ್ಲಿ ಎರಡಕ್ಕೆ ತಲಾ ೫ ಮಾನದ ಬಲ, ಮೂರನೆಯದಕ್ಕೆ ೪ ಮಾನದ್ದು. ಐದರ ಬಲದವು ಎರಡೂ ಒಂದಕ್ಕೊಂದು ಎದುರುಮುಖವಾಗಿ ನಿಂತು ಹಗ್ಗಜಗ್ಗಾಟವಾಡುತ್ತವೆ. ಬಲ ಸಮವಾದ್ದರಿಂದ ಹಗ್ಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಉಳಿದ ನಾಲ್ಕರ ಬಲವೇ ಹೊರಗೆ ಕಾಣುವ ಕಾಂತತ್ವ. ಹದಿನಾಲ್ಕರಲ್ಲಿ ಹತ್ತು ತಮ್ಮತಮ್ಮಲ್ಲೇ ಕಳೆದುಹೋಗಿ ನಾಲ್ಕು ಮಾತ್ರ ಕೈಗೆ ಸಿಕ್ಕುವ ಈ ಲೆಕ್ಕವನ್ನು ತಾತ್ತ್ವಿಕವಾಗಿ ವಿವರಿಸಿದವರು ಫ್ರಾನ್ಸ್ ದೇಶದ ಲೂಯಿ ನೀಲ್. ಅವರು ಇದನ್ನು ಪ್ರಕಟಿಸಿದ್ದು ೧೯೪೮ರಲ್ಲಿ. ೧೯೭೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿದ್ದ ಸೂಜಿಗಲ್ಲಿನ ಗುಟ್ಟು ಬಿಡಿಸಲು ಇಪ್ಪತ್ತನೆಯ ಶತಮಾನದ ನಡುಗಾಲ ಬರಬೇಕಾಯಿತು.

ಈಗ ಈ ಕಲ್ಲನ್ನು ಅರೆಯುತ್ತ ಹೋಗೋಣ. ಇಲ್ಲಿ ಅಳತೆಗೆ ನ್ಯಾನೊಮೀಟರ್ ಎಂಬ ಮಾನ ಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲು ಅದು. ಮ್ಯಾಗ್ನೆಟೈಟಿನ ದೊಡ್ಡ ತುಂಡಿನೊಳಗೆ ಹಲವು ಪಾಳೆಯಗಳಿರುತ್ತವೆ. ಒಂದು ಪಾಳೆಯದ ಪರಮಾಣುಗಳು ಒಂದು ಕಡೆ ಮುಖ ಮಾಡಿದ್ದರೆ ಪಕ್ಕದ ಪಾಳೆಯದವು ಇನ್ನೊಂದು ಕಡೆ. ತುಂಡು ಚಿಕ್ಕದಾಗಿ ಸುಮಾರು ೮೦ ನ್ಯಾನೊಮೀಟರಿಗೆ ಇಳಿದಾಗ ಎರಡು ಪಾಳೆಯಗಳಿಗೆ ಜಾಗವಿಲ್ಲದೆ, ಇಡೀ ಕಣ ಒಂದೇ ಪಾಳೆಯವಾಗುತ್ತದೆ. ಇಲ್ಲಿಯವರೆಗೆ ಅದು ಒಳ್ಳೆಯ ನೆನಪಿನ ಅಯಸ್ಕಾಂತವೇ. ಇನ್ನೂ ಅರೆದು ೧೦ ನ್ಯಾನೊಮೀಟರಿಗೆ ಬಂದೆವೆನ್ನಿ. ಈಗ ಕಣದಲ್ಲಿ ಉಳಿದಿರುವ ಕಬ್ಬಿಣದ ಪರಮಾಣುಗಳು ಸುಮಾರು ೨೦ ಸಾವಿರ ಮಾತ್ರ. ಅವೆಲ್ಲ ಒಗ್ಗಟ್ಟಾಗಿಯೇ ಇವೆ. ಆದರೆ ಆ ಇಡೀ ಗುಂಪಿನ ಮುಖವನ್ನು ಒಂದು ದಿಕ್ಕಿಗೆ ಕಟ್ಟಿ ನಿಲ್ಲಿಸುವ ಶಕ್ತಿ ಕಣದ ಗಾತ್ರಕ್ಕೆ ತಕ್ಕಂತೆ ಕುಗ್ಗಿದೆ. ನಾವು ಕುಳಿತಿರುವ ಕೋಣೆಯ ಬಿಸುಪಿನಲ್ಲಿ ಸದಾ ಇರುವ ಕುಲುಕಾಟವೇ ಅದನ್ನು ಕೆಡವಲು ಸಾಕು. ಆದುದರಿಂದ ಕಣದ ಕಾಂತತ್ವ ಈಗ ಇತ್ತ, ಮರುಕ್ಷಣ ಅತ್ತ, ಹೀಗೆ ಹೊರಳುತ್ತಲೇ ಇರುತ್ತದೆ.

ಎಷ್ಟು ಬೇಗ ಹೊರಳುತ್ತದೆ ಎಂಬುದಕ್ಕೂ ನೀಲ್ ಅವರೇ ೧೯೪೯ರಲ್ಲಿ ಒಂದು ಸೂತ್ರ ಕೊಟ್ಟರು. ಸೂತ್ರ ಹಾಗಿರಲಿ, ಅದರ ಫಲವನ್ನು ಮಾತ್ರ ಕೇಳಿರಿ. ೧೦ ನ್ಯಾನೊಮೀಟರಿನ ಮ್ಯಾಗ್ನೆಟೈಟ್ ಕಣ ಒಂದು ಸೆಕೆಂಡಿನ ಕೋಟಿಪಾಲಿನಷ್ಟು ಹೊತ್ತು ಕೂಡ ಒಂದೇ ಮುಖವಾಗಿ ನಿಲ್ಲುವುದಿಲ್ಲ. ಅದರ ಮೂರರಷ್ಟು ಅಡ್ಡಳತೆಯ, ಎಂದರೆ ೩೦ ನ್ಯಾನೊಮೀಟರಿನ ಕಣ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಂತೀತು. ಗಾತ್ರದಲ್ಲಿ ಇಷ್ಟು ಸಣ್ಣ ಬದಲಾವಣೆ ಆಯುಸ್ಸಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಮಾಡುವ ಉದಾಹರಣೆ ಪ್ರಕೃತಿಯಲ್ಲಿ ಅಪರೂಪ. ಟೇಪು ತಯಾರಿಸುವವನಿಗೆ ಇದು ಶತ್ರು: ಕಣ ಅತಿ ಸಣ್ಣದಾದರೆ ಹಾಡು ಅಳಿಸಿಹೋಗುತ್ತದೆ. ಆದರೆ ಹೊರಗಿನಿಂದ ಒಂದು ಅಯಸ್ಕಾಂತವನ್ನು ಹತ್ತಿರ ತಂದಿರೋ, ಆ ಕಣಗಳೆಲ್ಲ ಒಮ್ಮೆಲೇ ಅದರತ್ತ ಮುಖ ಮಾಡುತ್ತವೆ. ಒಂದೊಂದು ಕಣವೂ ಸಾವಿರಾರು ಪರಮಾಣುಗಳ ಬಲ ಒಟ್ಟುಗೂಡಿದ ಗುಂಪಾದ್ದರಿಂದ ಸೆಳೆತ ಜೋರಾಗಿಯೇ ಇರುತ್ತದೆ. ಅಯಸ್ಕಾಂತವನ್ನು ದೂರ ಸರಿಸಿದರೆ ಎಲ್ಲವೂ ಮರೆತಂತೆ ಚದುರುತ್ತವೆ. ಒಂದಕ್ಕೊಂದು ಅಂಟಿ ಕೂರುವುದಿಲ್ಲ. ಕರೆದರೆ ಓಡಿ ಬಂದು, ಹೋಗೆಂದರೆ ಹೋಗುವ ಇಂಥ ಗುಣಕ್ಕೆ ವಿಜ್ಞಾನಿಗಳು ಸೂಪರ್ ಪ್ಯಾರಾಮ್ಯಾಗ್ನೆಟಿಸಂ ಎಂಬ ಉದ್ದನೆಯ ಹೆಸರು ಇಟ್ಟಿದ್ದಾರೆ. ನಾವು ಮರೆವು ಎಂದೇ ಕರೆಯೋಣ.

ಈ ಮರೆವು ಬೇಕಾಗುವ ಜಾಗವೊಂದುಂಟು. ಬಂಗಾಳದಲ್ಲಿ ಕೆರೆಕುಂಟೆಗಳ ನೀರು ಕುಡಿದು ಜನ ಕಾಲರಾದಿಂದ ಸಾಯುತ್ತಿದ್ದುದನ್ನು ತಪ್ಪಿಸಲು ಹಳ್ಳಿಹಳ್ಳಿಗೂ ಕೊಳವೆಬಾವಿ ಇಳಿಸಿದರು. ತಿಳಿಯಾದ, ತಂಪಾದ ನೀರು ಬಂದಿತು. ಕೆಲವು ವರ್ಷಗಳಲ್ಲಿ ಜನರ ಮೈಮೇಲೆ ಕಪ್ಪು ಚುಕ್ಕೆಗಳೆದ್ದು, ಅಂಗೈ ಅಂಗಾಲು ಗಡುಸಾಗಿ ಗಂಟುಗಟ್ಟತೊಡಗಿದವು. ೧೯೮೩ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಇದು ಆರ್ಸೆನಿಕ್ಕಿನ ಕೆಲಸವೆಂದು ಗುರುತಿಸಿದರು. ನಮ್ಮ ಹಿರಿಯರು ಶಂಖಪಾಷಾಣ ಎನ್ನುವ ವಿಷದ ಮೂಲಧಾತುವೇ ಈ ಆರ್ಸೆನಿಕ್. ಗಂಗೆಯ ಬಯಲಿನ ಮಣ್ಣಿನಿಂದಲೇ ಅದು ನೀರಿಗೆ ಇಳಿದಿತ್ತು. ಬಹುಕಾಲ ಕುಡಿದವರಿಗೆ ಕೊನೆಗೆ ಕ್ಯಾನ್ಸರ್ ಬರುವ ಭಯವೂ ಉಂಟು. ಈ ಕಷ್ಟ ಬಂಗಾಳದ್ದಷ್ಟೇ ಎಂದು ತಿಳಿಯಬೇಡಿ. ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯದಲ್ಲ, ಸುರಪುರದ ಕಡೆಯದು. ಅಲ್ಲಿನ ಹಳೆಯ ಚಿನ್ನದ ಗಣಿಯ ಸುತ್ತಿನ ನೀರಿನಲ್ಲೂ ಆರ್ಸೆನಿಕ್ ಇರುವುದನ್ನು, ಜನರಲ್ಲಿ ಅದರ ಲಕ್ಷಣಗಳಿರುವುದನ್ನು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು. ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ಕಿನ ಖನಿಜವೂ ಇರುವುದು ಅಲ್ಲಿಯ ಕಾರಣ.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧೦ ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಎಂದರೆ ಒಂದು ಲಕ್ಷ ಲೀಟರಿಗೆ ಒಂದು ಗ್ರಾಂ. ಇಷ್ಟು ವಿರಳವಾಗಿ ಕರಗಿರುವುದನ್ನು ಹುಡುಕಿ ಹಿಡಿಯುವುದು ಹೇಗೆ? ಇಲ್ಲಿ ಕಬ್ಬಿಣದ ಆಕ್ಸೈಡು ಹಳೆಯ ಸ್ನೇಹಿತ. ಪ್ರಯೋಗಶಾಲೆಯ ಅನಿಲದೀಪಕ್ಕೆ ತಮ್ಮ ಹೆಸರು ಕೊಟ್ಟಿರುವ ಜರ್ಮನಿಯ ಬುನ್ಸೆನ್ ೧೮೩೪ರಷ್ಟು ಹಿಂದೆಯೇ, ಹೊಸದಾಗಿ ತಯಾರಿಸಿದ ಕಬ್ಬಿಣದ ಆಕ್ಸೈಡಿನ ಕೆಸರನ್ನು ಪಾಷಾಣ ತಿಂದವರಿಗೆ ಕೊಡುವ ಚಿಕಿತ್ಸೆಯನ್ನು ಕಂಡುಹಿಡಿದಿದ್ದರು. ಆಕ್ಸೈಡಿನ ಮೈಮೇಲಿರುವ ಕಬ್ಬಿಣ ಆರ್ಸೆನಿಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೈಮೇಲೆ ಎಂಬ ಮಾತು ಇಲ್ಲಿ ಮುಖ್ಯ. ಒಳಗಿರುವ ಕಬ್ಬಿಣ ಏನೂ ಮಾಡಲಾರದು. ಆದುದರಿಂದ ಕಣ ಸಣ್ಣದಾದಷ್ಟೂ ಲಾಭ. ಅದೇ ತೂಕದ ಒಂದು ಕುಂಬಳಕಾಯಿಗಿಂತ ಒಂದು ಬುಟ್ಟಿ ನೆಲ್ಲಿಕಾಯಿಯ ಸಿಪ್ಪೆ ಹೆಚ್ಚಲ್ಲವೆ? ಹಾಗೆ.

ಆದರೆ ಸಣ್ಣ ಪುಡಿಯನ್ನು ನೀರಿಗೆ ಕಲೆಸುವುದು ಸುಲಭ, ತೆಗೆಯುವುದು ಕಷ್ಟ. ಕೆಸರು ನೀರಿಗೆ ಪಟಿಕ ತಿರುಗಿಸಿ ತಿಳಿಗೊಳಿಸುವ ಗೃಹಿಣಿಯರಿಗೆ ಇದು ಗೊತ್ತು: ಯಾವುದು ತಳಕ್ಕೆ ಇಳಿಯುವುದೋ ಅದು ಒಳ್ಳೆಯದು. ನ್ಯಾನೊಮೀಟರಿನ ಕಣ ತಳಕ್ಕೆ ಇಳಿಯುವುದೇ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ನೀರಿನ ಜೊತೆಗೇ ಹೊರಟುಹೋಗುತ್ತದೆ. ವಿಷ ಹೀರಿದ ಪುಡಿಯೇ ಹೊಟ್ಟೆಗೆ ಹೋದರೆ ಮಾಡಿದ್ದೆಲ್ಲ ವ್ಯರ್ಥ. ಇಲ್ಲಿಯೇ ಕುದುರೆಮುಖದ ಉಪಾಯ ನೆನಪಾಗುವುದು. ಕಪ್ಪು ಪುಡಿಯನ್ನು ಅಯಸ್ಕಾಂತದಿಂದ ಎಳೆದರಾಯಿತು. ೨೦೦೬ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ೧೨ ನ್ಯಾನೊಮೀಟರಿನ ಮ್ಯಾಗ್ನೆಟೈಟ್ ಕಣಗಳಿಂದ ನೀರಿನ ಆರ್ಸೆನಿಕ್ಕನ್ನು ಹಿಡಿದು, ಆ ಕಣಗಳನ್ನು ಸಾಧಾರಣ ಬಲದ ಅಯಸ್ಕಾಂತದಿಂದಲೇ ಹೊರಗೆಳೆದು ತೋರಿಸಿದರು. ಕಣಗಳಿಗೆ ಮರೆವಿದ್ದುದರಿಂದ, ಅಯಸ್ಕಾಂತವಿಲ್ಲದಾಗ ಅವು ನೀರಿನಲ್ಲಿ ಹರಡಿ ಕೆಲಸ ಮಾಡಬಲ್ಲವು. ನೆನಪಿನ ಕಣಗಳಾಗಿದ್ದರೆ ಹಾಕಿದ ಕೂಡಲೇ ಒಂದನ್ನೊಂದು ಹಿಡಿದುಕೊಂಡು ಮುದ್ದೆಯಾಗುತ್ತಿದ್ದವು.

ಸಮಸ್ಯೆ ಇಲ್ಲಿಗೆ ಮುಗಿಯಿತೆನ್ನುವಂತಿಲ್ಲ. ಬರಿಯ ಕಣಗಳು ಮರೆವಿದ್ದರೂ ಕಾಲಕ್ರಮದಲ್ಲಿ ಮೈಗೆ ಮೈ ತಾಗಿಸಿ ಗುಂಪುಗೂಡುತ್ತವೆ. ಸಣ್ಣ ವಸ್ತುಗಳ ಸ್ವಭಾವವೇ ಅದು. ಗುಂಪುಗೂಡಿದರೆ ಮೈ ಮುಚ್ಚಿಹೋಗಿ ಆರ್ಸೆನಿಕ್ಕಿಗೆ ಜಾಗವಿಲ್ಲ. ತೀರ ಬಿಡಿಬಿಡಿಯಾಗಿ ಉಳಿದರೆ ಇನ್ನೊಂದು ತೊಡಕು. ಒಂಟಿ ಕಣದ ಮೇಲೆ ಅಯಸ್ಕಾಂತದ ಸೆಳೆತ ಬಹಳ ಅಲ್ಪ. ನೀರಿನ ಅಣುಗಳ ನೂಕಾಟ ಅದಕ್ಕಿಂತ ಹೆಚ್ಚು. ಸಂತೆಯ ಗದ್ದಲದಲ್ಲಿ ಸಿಕ್ಕ ಮಗುವಿನಂತೆ, ತಾಯಿ ಕರೆದರೂ ಜನ ತಳ್ಳಿದತ್ತಲೇ ಅದು ಹೋಗುತ್ತದೆ. ಕಣಗಳು ಒಂದನ್ನೊಂದು ಮುಟ್ಟದಂತೆಯೂ ಇರಬೇಕು, ಒಟ್ಟಾಗಿಯೂ ಇರಬೇಕು.

ಈ ಎರಡನ್ನೂ ಸಾಧಿಸುವ ಹಾಸಿಗೆಯೊಂದು ದೊರೆಯಿತು. ಪೆನ್ಸಿಲಿನ ಕಡ್ಡಿಯನ್ನು ನಾವು ಸೀಸವೆನ್ನುತ್ತೇವೆ. ಅದರಲ್ಲಿ ಸೀಸ ಲವಲೇಶವೂ ಇಲ್ಲ. ಜೇಡಿಮಣ್ಣಿನೊಡನೆ ಬೆರೆಸಿದ ಗ್ರಾಫೈಟ್ ಅದು, ಶುದ್ಧ ಇಂಗಾಲದ ಒಂದು ರೂಪ. ಗ್ರಾಫೈಟ್ ಎಂದರೆ ಹಾಳೆಗಳ ಅಟ್ಟಿ. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು ೩೦ ಲಕ್ಷ ಹಾಳೆ. ಬರೆದಾಗ ಆ ಹಾಳೆಗಳು ಜಾರಿ ಕಾಗದಕ್ಕೆ ಅಂಟುತ್ತವೆ, ಅದೇ ನಮ್ಮ ಅಕ್ಷರ. ಈ ಅಟ್ಟಿಯಿಂದ ಒಂದೇ ಒಂದು ಹಾಳೆಯನ್ನು ಬಿಡಿಸಿದರೆ ಅದೇ ಗ್ರಾಫೀನ್, ಒಂದು ಪರಮಾಣು ದಪ್ಪದ್ದು. ೨೦೦೪ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅದನ್ನು ಬಿಡಿಸಿ ಅದರ ಗುಣಗಳನ್ನು ಅಳೆದರು. ಬಿಡಿಸಲು ಬಳಸಿದ್ದು ಪಾರ್ಸೆಲಿಗೆ ಅಂಟಿಸುವಂಥ ಅಂಟುಪಟ್ಟಿ! ೨೦೧೦ರಲ್ಲಿ ಅವರಿಗೆ ನೊಬೆಲ್ ಬಂದಿತು. ಒಂದು ಗ್ರಾಂ ಗ್ರಾಫೀನನ್ನು ಹಾಳೆಹಾಳೆಯಾಗಿ ಬಿಡಿಸಿ ಎರಡು ಮೈಯನ್ನೂ ಲೆಕ್ಕ ಹಿಡಿದರೆ ೨,೬೩೦ ಚದರ ಮೀಟರು. ನಮ್ಮ ಲೆಕ್ಕದಲ್ಲಿ ಇಪ್ಪತ್ತಾರು ಗುಂಟೆ ನೆಲ, ಒಂದು ಚಿಟಿಕೆ ಕಪ್ಪು ಪುಡಿಯಲ್ಲಿ! ಇದು ಕಾಗದದ ಮೇಲಿನ ಲೆಕ್ಕ. ಹಾಳೆಗಳು ಮತ್ತೆ ಮತ್ತೆ ಅಟ್ಟಿಯಾಗಲು ಹವಣಿಸುವುದರಿಂದ ಪ್ರಯೋಗದಲ್ಲಿ ದೊರೆಯುವುದು ಇದಕ್ಕಿಂತ ಎಷ್ಟೋ ಕಡಿಮೆ.

ಕೈಗೆ ಬರುವಷ್ಟು ಪ್ರಮಾಣದಲ್ಲಿ ಮಾಡಬೇಕಾದರೆ ಅಂಟುಪಟ್ಟಿಯ ದಾರಿ ಸಾಲದು. ಗ್ರಾಫೈಟನ್ನು ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಮೊದಲಾದವುಗಳಲ್ಲಿ ನೆನೆಸಿ ಹಾಳೆಗಳ ನಡುವೆ ಆಮ್ಲಜನಕವನ್ನು ನುಗ್ಗಿಸುವ ವಿಧಾನವೊಂದನ್ನು ಹಮ್ಮರ್ಸ್ ಮತ್ತು ಆಫ್‌ಮನ್ ೧೯೫೮ರಲ್ಲೇ ಕೊಟ್ಟಿದ್ದರು. ಹಾಗೆ ಬಿಡಿಸಿದ ಹಾಳೆಯ ಮೈಯೆಲ್ಲ ಆಮ್ಲಜನಕದ ಕೊಕ್ಕೆಗಳು. ಈಗ ಆ ಹಾಳೆಗಳು ತೇಲುತ್ತಿರುವ ನೀರಿಗೆ ಕಬ್ಬಿಣದ ಎರಡು ಬಗೆಯ ಲವಣಗಳನ್ನು ಎರಡಕ್ಕೊಂದರ ಪ್ರಮಾಣದಲ್ಲಿ ಹಾಕಿ, ಬಿಸಿ ಮಾಡಿ, ಅಮೋನಿಯಾ ಬೆರೆಸಿದರೆ ನೀರು ಕಪ್ಪಾಗುತ್ತದೆ. ಕೊಕ್ಕೆ ಇದ್ದಲ್ಲೆಲ್ಲ ಒಂದೊಂದು ಮ್ಯಾಗ್ನೆಟೈಟ್ ಕಣ, ಸಂಡಿಗೆ ಹಾಕಿದ ಚಾಪೆಯಂತೆ. ಆಮೇಲೆ ಹಾಳೆಯಲ್ಲಿ ಉಳಿದ ಹೆಚ್ಚಿನ ಆಮ್ಲಜನಕವನ್ನು ಇನ್ನೊಂದು ರಾಸಾಯನಿಕದಿಂದ ತೆಗೆಯುತ್ತಾರೆ. ಕಣಗಳು ಹಾಳೆಗೆ ಕಚ್ಚಿಕೊಂಡಿರುವುದರಿಂದ ಒಂದರ ಮೇಲೊಂದು ಬೀಳುವುದಿಲ್ಲ. ಹಾಳೆಗಳ ನಡುವೆ ಕಣಗಳಿರುವುದರಿಂದ ಹಾಳೆಗಳು ಮತ್ತೆ ಅಟ್ಟಿಯಾಗುವುದಿಲ್ಲ. ಹೀಗೆ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಸೆಳೆತದ ತೊಡಕೂ ಹೋಯಿತು. ಒಂದು ಹಾಳೆಯ ಮೇಲೆ ನೂರಾರು ಕಣಗಳಿದ್ದು ಎಲ್ಲವೂ ಒಂದೇ ಕಡೆಗೆ ಎಳೆದಾಗ, ನೂರು ಕೈ ಹತ್ತಿದ ತೇರಿನಂತೆ ಹಾಳೆ ಹೊರಡುತ್ತದೆ.

ದಕ್ಷಿಣ ಕೊರಿಯಾದ ಪೋಹಾಂಗಿನಲ್ಲಿ ವಿಮಲೇಶ್ ಚಂದ್ರ ಮತ್ತು ಅವರ ಜೊತೆಗಾರರು ೨೦೧೦ರಲ್ಲಿ ಪ್ರಕಟಿಸಿದ ಕೆಲಸ ಇಂಥದು. ಅವರ ಕಣಗಳ ಅಳತೆ ೧೦ ನ್ಯಾನೊಮೀಟರು. ಕೋಣೆಯ ಉಷ್ಣತೆಯಲ್ಲಿ ಅವಕ್ಕೆ ಪೂರ್ಣ ಮರೆವು. ಬರಿಯ ಮ್ಯಾಗ್ನೆಟೈಟಿಗಿಂತ ಈ ಜೋಡಿವಸ್ತು ಆರ್ಸೆನಿಕ್ಕನ್ನು ಹೆಚ್ಚು ಹಿಡಿಯಿತು, ೧೦೦ಕ್ಕೆ ೯೯.೯ ಪಾಲಿಗೂ ಮಿಗಿಲಾಗಿ. ನೀರಿನಲ್ಲಿ ಉಳಿದದ್ದು ಲೀಟರಿಗೆ ಸುಮಾರು ಒಂದು ಮೈಕ್ರೋಗ್ರಾಮಿನೊಳಗೆ, ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಹತ್ತನೆಯ ಒಂದಂಶ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ದೊಡ್ಡ ತುಂಡು ಮ್ಯಾಗ್ನೆಟೈಟಿನ ಪೂರ್ಣ ಕಾಂತತ್ವವನ್ನು ವಿಜ್ಞಾನಿಗಳ ಮಾನದಲ್ಲಿ ಗ್ರಾಮಿಗೆ ಸುಮಾರು ೯೨ ಎಂದು ಹಿಡಿದರೆ, ಜೋಡಿವಸ್ತುವಿನಲ್ಲಿ ಅದು ಬಹಳ ಇಳಿಯುತ್ತದೆ. ಒಂದು ಕಾರಣ ಸರಳ: ಇಂಗಾಲದ ಹಾಳೆ ತೂಕ ಕೊಡುತ್ತದೆ, ಕಾಂತತ್ವ ಕೊಡುವುದಿಲ್ಲ. ಅರ್ಧ ತೂಕ ಹಾಳೆಯದಾದರೆ ೪೬ಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ. ಇನ್ನೊಂದು ಕಾರಣ ಕಣದ ಸಿಪ್ಪೆಯದು. ೧೦ ನ್ಯಾನೊಮೀಟರಿನ ಗೋಲದಿಂದ ಒಂದು ನ್ಯಾನೊಮೀಟರ್ ದಪ್ಪದ ಸಿಪ್ಪೆ ಸುಲಿದರೆ ಕಣದ ಹೆಚ್ಚುಕಡಿಮೆ ಅರ್ಧವೇ ಹೋಗುತ್ತದೆ. ಸಿಪ್ಪೆಯಲ್ಲಿರುವ ಪರಮಾಣುಗಳಿಗೆ ಒಂದು ಕಡೆ ನೆರೆಯವರಿಲ್ಲ. ಆದ್ದರಿಂದ ಅವು ಒಳಗಿನವರಂತೆ ಶಿಸ್ತಿನಿಂದ ಸಾಲುಗಟ್ಟುವುದಿಲ್ಲ. ಆರ್ಸೆನಿಕ್ಕನ್ನು ಹಿಡಿಯುವ ಸಿಪ್ಪೆಯೇ ಕಾಂತತ್ವವನ್ನು ಕೆಡಿಸುವುದು. ಒಂದು ಬೇಕೆಂದರೆ ಇನ್ನೊಂದನ್ನು ಅಷ್ಟು ಬಿಡಬೇಕು. ಪುಡಿ ಅಯಸ್ಕಾಂತಕ್ಕೆ ಬೇಗ ಬರುವಷ್ಟು ಸೆಳೆತ ಉಳಿದರೆ ಸಾಕು, ಅದಕ್ಕಿಂತ ಹೆಚ್ಚಿನ ಅಂಕಿಗಾಗಿ ಹೆಣಗುವುದು ಪ್ರಬಂಧಕ್ಕೆ ಶೋಭೆಯೇ ಹೊರತು ನೀರಿಗಲ್ಲ ಎಂದು ನನ್ನ ಅಭಿಪ್ರಾಯ. ಕಣಗಳನ್ನು ಹಾಳೆಯ ಮೇಲೆ ಅತಿ ಒತ್ತಾಗಿ ಬೆಳೆಸಿದರೂ ಕೆಲಸ ಕೆಡುತ್ತದೆ; ಪಕ್ಕಪಕ್ಕದವು ಒಂದರ ಮೇಲೊಂದು ಪ್ರಭಾವ ಬೀರಿ, ಬಿಟ್ಟುಹೋಗಿದ್ದ ನೆನಪು ಮರಳತೊಡಗುತ್ತದೆ.

ಆಕ್ಸೈಡನ್ನು ಬದಲಾಯಿಸಿಯೂ ನೆನಪನ್ನು ಹೆಚ್ಚುಕಡಿಮೆ ಮಾಡಬಹುದು. ಮ್ಯಾಗ್ನೆಟೈಟಿನ ಕಬ್ಬಿಣದಲ್ಲಿ ಒಂದು ಪಾಲನ್ನು ತೆಗೆದು ಕೋಬಾಲ್ಟ್ ಇಟ್ಟರೆ ಕೋಬಾಲ್ಟ್ ಫೆರೈಟ್ ಆಗುತ್ತದೆ. ಅದರ ಹಟ ಮ್ಯಾಗ್ನೆಟೈಟಿನದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕು. ಸಣ್ಣ ಕಣವಾದರೂ ಹಿಡಿದ ದಿಕ್ಕನ್ನು ಸುಲಭವಾಗಿ ಬಿಡದು. ನೀರಿನ ಕೆಲಸಕ್ಕೆ ಈ ಹಟ ಬೇಡ. ಕೋಬಾಲ್ಟ್ ನೀರಿಗೆ ಇಳಿದರೆ ಅದೂ ಕೇಡೇ.

ಹಾಳೆ ಕಾಂತತ್ವ ಕೊಡುವುದಿಲ್ಲ ಎಂದೆನಲ್ಲ, ಅದರ ವಿಚಾರವಾಗಿ ಸ್ವಾರಸ್ಯವಾದ ಒಂದು ಚರ್ಚೆಯೂ ನಡೆದಿದೆ. ೨೦೦೯ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪ್ರೊಫೆಸರ್ ಸಿ. ಎನ್. ಆರ್. ರಾವ್ ಮತ್ತು ಅವರ ಸಂಗಡಿಗರು, ತಾವು ತಯಾರಿಸಿದ ಗ್ರಾಫೀನ್ ಮಾದರಿಗಳಲ್ಲಿ ಕೋಣೆಯ ಉಷ್ಣತೆಯಲ್ಲೂ ಕಾಂತತ್ವದ ಲಕ್ಷಣಗಳು ಕಂಡವೆಂದು ವರದಿ ಮಾಡಿದರು. ಮರುವರ್ಷ ಮ್ಯಾಂಚೆಸ್ಟರಿನವರು ತಮ್ಮ ಮಾದರಿಗಳಲ್ಲಿ ಅಂಥದು ಕಾಣಲಿಲ್ಲವೆಂದರು. ೨೦೧೨ರಲ್ಲಿ ಅವರೇ ಗ್ರಾಫೈಟನ್ನು ಸೂಕ್ಷ್ಮದರ್ಶಕದಲ್ಲಿ ಶೋಧಿಸಿ, ಹೆಚ್ಚಾಗಿ ಕಬ್ಬಿಣದ್ದೇ ಆದ ಅತಿ ಸಣ್ಣ ಚೂರುಗಳು ಅಲ್ಲಲ್ಲಿ ಅಡಗಿರುವುದನ್ನು ತೋರಿಸಿದರು. ಶುದ್ಧವೆಂದು ತಿಳಿದ ಇಂಗಾಲದ ತುಂಡಿನೊಳಗೆ ಅಡಗಿದ್ದ ಕಬ್ಬಿಣ, ಇಂಗಾಲದ ಹೆಸರಿನಲ್ಲಿ ತಾನು ಮಾತಾಡಿತ್ತು. ಆ ಗ್ರಾಫೈಟಿನ ಮಾತು ಎಲ್ಲ ಮಾದರಿಗಳಿಗೂ ಅನ್ವಯಿಸುವುದೆಂದು ಹೇಳಲಾಗದು. ಹಾಳೆಯ ಅಂಚಿನಲ್ಲಿ, ಪರಮಾಣು ಕಳಚಿಬಿದ್ದ ಕುಳಿಗಳಲ್ಲಿ ಕ್ಷೀಣವಾದ ಕಾಂತತ್ವ ಇರಬಲ್ಲದೆಂಬುದು ಎರಡು ಪಕ್ಷಕ್ಕೂ ಒಪ್ಪಿಗೆ. ನಮ್ಮ ಜೋಡಿವಸ್ತುವಿನ ಲೆಕ್ಕದಲ್ಲಿ ಅದು ಸಮುದ್ರದಲ್ಲಿ ಉಪ್ಪಿನ ಹರಳು.

ಇಷ್ಟೆಲ್ಲ ಆದಮೇಲೆ ಇದು ಅಂಗಡಿಯಲ್ಲಿ ಏಕೆ ಸಿಕ್ಕುವುದಿಲ್ಲ ಎಂಬ ಪ್ರಶ್ನೆ ಸಹಜ. ಆರ್ಸೆನಿಕ್ ತೆಗೆಯಲು ನಮ್ಮ ದೇಶದಲ್ಲಿ ಬಳಕೆಗೆ ಬಂದ ನ್ಯಾನೊ ವಿಧಾನವೊಂದುಂಟು. ಮದರಾಸಿನ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಟಿ. ಪ್ರದೀಪ್ ಅವರ ಬಳಗ ರೂಪಿಸಿದ 'ಅಮೃತ್' ಎಂಬುದು. ಪಶ್ಚಿಮ ಬಂಗಾಳದಲ್ಲಿ ಅದನ್ನು ಅಳವಡಿಸಿದ್ದಾರೆ. ಅದರಲ್ಲೂ ಕೆಲಸ ಮಾಡುವುದು ಕಬ್ಬಿಣದ ಆಕ್ಸೈಡಿನ ಜಾತಿಯದೇ. ಆದರೆ ಕಣಗಳನ್ನು ಹಿಡಿದಿಟ್ಟಿರುವುದು ಗ್ರಾಫೀನಲ್ಲ, ಸೀಗಡಿಯ ಚಿಪ್ಪಿನಂಥ ವಸ್ತುಗಳಿಂದ ತೆಗೆಯುವ ಕೈಟೋಸಾನ್. ಪುಡಿಯನ್ನು ನೀರಿಗೆ ಕಲೆಸುವುದೂ ಇಲ್ಲ. ನೀರನ್ನೇ ಅದರ ಮೂಲಕ ಹರಿಸುತ್ತಾರೆ. ಅಗ್ಗ, ಅಯಸ್ಕಾಂತ ಬೇಡ, ನೋಡಿಕೊಳ್ಳುವುದು ಸುಲಭ. ಗ್ರಾಫೀನಿನ ಪುಡಿ ಇವುಗಳಲ್ಲಿ ಇನ್ನೂ ಗೆದ್ದಿಲ್ಲ. ಗಂಧಕಾಮ್ಲ, ಪರ್ಮಾಂಗನೇಟುಗಳ ಖರ್ಚು ಒಂದು ಕಡೆ, ತೊಳೆದ ಆಮ್ಲದ ನೀರನ್ನು ಎಲ್ಲಿ ಬಿಡುವುದೆಂಬ ಚಿಂತೆ ಇನ್ನೊಂದು ಕಡೆ. ನೀರಿನಿಂದ ಪುಡಿಯೆಲ್ಲ ಹೊರಬಂದಿತೇ, ಹಾಳೆಯ ಚೂರು ಉಳಿಯಿತೇ ಎಂಬುದನ್ನು ಹಳ್ಳಿಯ ಪಂಪಿನ ಬಳಿ ಅಳೆಯುವ ಸಾಧನವೂ ಬೇಕು.

ಮತ್ತೆ, ಹಿಡಿದ ಆರ್ಸೆನಿಕ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ, ಪುಡಿಯ ಮೈಮೇಲೆಯೇ ಇದೆ. ಕ್ಷಾರದ ನೀರಿನಲ್ಲಿ ತೊಳೆದರೆ ಪುಡಿಯನ್ನು ಮತ್ತೆ ಬಳಸಬಹುದು. ಆಗ ವಿಷ ಕ್ಷಾರದ ನೀರಿಗೆ ವರ್ಗವಾಗುತ್ತದೆ. ತೊಳೆಯದೆ ಹಿತ್ತಲಿಗೆ ಎಸೆದರೆ, ಮಣ್ಣಿನ ಗುಣ ಬದಲಾದಾಗ ಅದು ಮತ್ತೆ ಬಾವಿಯ ದಾರಿ ಹಿಡಿಯಬಹುದು. ಬಳಸಿ ಮುಗಿದ ಇಂಥ ಪುಡಿಯನ್ನು ಸಿಮೆಂಟಿನಲ್ಲಿ ಕಲೆಸಿ ಇಟ್ಟಿಗೆಯಂತೆ ಗಟ್ಟಿ ಮಾಡಿ, ನೀರು ತಾಗದ ಕಡೆ ಹೂಳುವುದು ಈಗ ತಿಳಿದಿರುವ ಕ್ರಮಗಳಲ್ಲಿ ಒಂದು. ಇಲ್ಲಿ ಅಯಸ್ಕಾಂತದ ಉಪಕಾರ ಇನ್ನೂ ಒಂದು ಉಂಟು. ಲಕ್ಷ ಲೀಟರಿನಲ್ಲಿ ಕರಗಿ ಹರಡಿದ್ದ ವಿಷವನ್ನು ಒಂದು ಬಟ್ಟಲು ಕಪ್ಪು ಪುಡಿಗೆ ಇಳಿಸಿದಾಗ, ಹೂಳಬೇಕಾದ ಹೊರೆಯೂ ಅಷ್ಟೇ ಚಿಕ್ಕದಾಗುತ್ತದೆ.